ಐದು ದಿನದ ವರ್ಕ್‌ಶಾಪಿಗೆ ಒಂದು ತಾಳ ಸಾಕು

ಪ್ರಶ್ನೆ: ಸರ್, ನಾನು ಮೈಸೂರಿನವನು, ಮೃದಂಗದಲ್ಲಿ ವಿದ್ವತ್ ಆಗಿದೆ, ಕಛೇರಿಗಳಿಗೆ ನುಡಿಸ್ತೀನಿ, ಮನೇಲಿ ಮಕ್ಕಳಿಗೆ ಪಾಠಾನೂ ಮಾಡ್ತೀನಿ. ಬರೋ ಫೆಬ್ರವರಿಯಲ್ಲಿ ನೆದರ್ಲೆಂಡ್ಸ್‌ನ ಒಂದು ಮ್ಯೂಸಿಕ್ ಕನ್ಸರ್ವೇಟರಿಯವರು ಐದು ದಿನದ ವರ್ಕ್‌ಶಾಪ್ ಮಾಡ್ಕೊಡಿ ಅಂತ ಕರೆದಿದಾರೆ. ದಿನಕ್ಕೆ 4 ಗಂಟೆ, ಸುಮಾರು 15 ಜನ ಸ್ಟೂಡೆಂಟ್ಸ್, ಡ್ರಮ್ಸ್, ಸ್ಯಾಕ್ಸೋಫೋನ್, ಕಾಂಪೊಸಿಷನ್ ಓದೋರು. ‘ಭಾರತೀಯ ಸಂಗೀತದ ಪರಿಚಯ’ ಅಂತ ಟೈಟಲ್ ಕೊಟ್ಟಿದಾರೆ. ಎಲ್ಲಿಂದ ಶುರು ಮಾಡ್ಲಿ, ಎಷ್ಟು ಹೇಳಿಕೊಡ್ಲಿ? ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೆ. ವಾದ್ಯ, ವೀಸಾ ವಿಷಯಾನೂ ಸ್ವಲ್ಪ ಹೇಳಿ.

ಉತ್ತರ: ಮೊದಲು ಆ ಟೈಟಲ್ ಬದಲಾಯಿಸಿ. ಇವತ್ತೇ ಅವರಿಗೆ ಮೇಲ್ ಹಾಕಿ, ‘ಭಾರತೀಯ ಸಂಗೀತದ ಪರಿಚಯ’ ಬೇಡ, ‘ಆದಿತಾಳ, ಒಂದು ಹಾಡು, ಅದರ ಲಯ’ ಅಂತ ಇಟ್ಕೊಳ್ಳೋಣ ಅನ್ನಿ (ಆದಿತಾಳ ಅಂದ್ರೆ ಎಂಟು ಎಣಿಕೆಯ ತಾಳ). ಅವರೇನೂ ಬೇಜಾರ್ ಮಾಡ್ಕೊಳ್ಳಲ್ಲ, ಕರೆಸೋ ಕೋಆರ್ಡಿನೇಟರ್‌ಗೆ ಫಾರ್ಮ್‌ನಲ್ಲಿ ಏನಾದ್ರೂ ಒಂದು ಹೆಸರು ತುಂಬಬೇಕಿರತ್ತೆ ಅಷ್ಟೆ. ಆದ್ರೆ ನೀವು ಆ ಹೆಸರನ್ನ ಒಪ್ಕೊಂಡು ಹೋದ್ರೆ ಸೋಮವಾರ ಬೆಳಗ್ಗೆ ವೇದದಿಂದ ಶುರು ಮಾಡಿ, ಮಧ್ಯಾಹ್ನ ಹಿಂದೂಸ್ತಾನಿ-ಕರ್ನಾಟಕ ವ್ಯತ್ಯಾಸ, ಮಂಗಳವಾರ 72 ಮೇಳಕರ್ತ ರಾಗ, ಬುಧವಾರ 35 ತಾಳ ಅಂತ ಓಡ್ತೀರಿ, ಶುಕ್ರವಾರ ಆ ಹುಡುಗರ ಕೈಲಿ ಏನೂ ಉಳಿದಿರಲ್ಲ. ಆ ಮಾಹಿತಿಯೆಲ್ಲ ಅವರ ಲೈಬ್ರರಿಯಲ್ಲೇ ಸಿಗತ್ತೆ. ನಿಮ್ಮನ್ನ ಮೈಸೂರಿಂದ ಕರೆಸ್ತಿರೋದು ಪುಸ್ತಕದಲ್ಲಿ ಸಿಗದೇ ಇರೋದನ್ನ ಕೊಡಿ ಅಂತ.

ಅಲ್ಲಿನ ವಿದ್ಯಾರ್ಥಿಗಳಿಗೆ ನಮ್ಮ ಲಯ ಹೊಸದಲ್ಲ ಅನ್ನೋದೂ ತಲೇಲಿರಲಿ. ಅಮೆರಿಕದ ವೆಸ್ಲಿಯನ್ ಯೂನಿವರ್ಸಿಟಿಯಲ್ಲಿ ಟಿ. ರಂಗನಾಥನ್ ಅವರು 1963ರಲ್ಲೇ ಮೃದಂಗ ಪಾಠ ಶುರು ಮಾಡಿದ್ರು, ಟೊರೊಂಟೊದ ಯಾರ್ಕ್ ಯೂನಿವರ್ಸಿಟಿಗೆ ತಿರುಚ್ಚಿ ಶಂಕರನ್ ಅವರು 1971ರಲ್ಲಿ ಹೋದ್ರು. ನಮ್ಮ ಬೆಂಗಳೂರಲ್ಲೇ ಟಿ.ಎ.ಎಸ್. ಮಣಿಯವರು 1964ರಲ್ಲಿ ಕಟ್ಟಿದ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಇದೆಯಲ್ಲ, ಅವರೂ ಆರ್.ಎ. ರಮಾಮಣಿಯವರೂ ಯುರೋಪಿನ ಜಾಝ್‌ನೋರ ಜೊತೆ ವರ್ಷಗಟ್ಟಲೆ ಕೆಲಸ ಮಾಡಿದಾರೆ, ಸ್ಯಾಕ್ಸೋಫೋನ್‌ನ ಚಾರ್ಲಿ ಮರಿಯಾನೊ ಜೊತೆ 1983ರಲ್ಲಿ ರೆಕಾರ್ಡಿಂಗ್ ಕೂಡ ಮಾಡಿದ್ರು. ನೀವು ಹೋಗ್ತಿರೋ ದೇಶದಲ್ಲಂತೂ ರಾಟರ್‌ಡ್ಯಾಮ್‌ನ ಕೊಡಾರ್ಟ್ಸ್‌ನಲ್ಲಿ ಹರಿಪ್ರಸಾದ್ ಚೌರಾಸಿಯಾ ಅವರ ನೇತೃತ್ವದಲ್ಲಿ ಹಿಂದೂಸ್ತಾನಿ ವಿಭಾಗಾನೇ ನಡೀತು. ಆಮ್‌ಸ್ಟರ್‌ಡ್ಯಾಮ್ ಕನ್ಸರ್ವೇಟರಿಯಲ್ಲಿ ರಫಾಯೆಲ್ ರೈನಾ ಅನ್ನೋರು ಕರ್ನಾಟಕ ಸಂಗೀತದ ಲಯದ ತಂತ್ರಗಳನ್ನ ಪಾಶ್ಚಾತ್ಯ ವಾದಕರಿಗೂ ಕಂಪೋಸರ್‌ಗಳಿಗೂ ಕಲಿಸೋಕೆ ಪೂರ್ತಿ ಒಂದು ಕೋರ್ಸ್ ಕಟ್ಟಿದಾರೆ, ಅದರ ಮೇಲೆ 2015ರಲ್ಲಿ ದಪ್ಪ ಪುಸ್ತಕಾನೂ ಬಂತು. ಬೆಂಗಳೂರಿನ ವಿದ್ವಾನ್ ಬಿ.ಸಿ. ಮಂಜುನಾಥ್ ಅವರು ಫಿಬೊನಾಚಿ ಸಂಖ್ಯೆಗಳನ್ನ (ಹಿಂದಿನ ಎರಡನ್ನ ಕೂಡಿಸಿದ್ರೆ ಮುಂದಿನದು ಬರೋ ಸರಣಿ) ಕೊನ್ನಕ್ಕೋಲ್‌ನಲ್ಲಿ, ಅಂದ್ರೆ ತಾಳವಾದ್ಯದ ಸೊಲ್ಲುಗಳನ್ನ ಬಾಯಲ್ಲೇ ಹೇಳೋ ಕಲೆಯಲ್ಲಿ, ಹೇಳೋ ವಿಡಿಯೋ ಕೂಡ ಎಷ್ಟೋ ಡ್ರಮ್ಮರ್‌ಗಳು ನೋಡಿರ್ತಾರೆ. ಹಾಗಾಗಿ ‘ತಕಧಿಮಿ’ ಅಂದ ಕೂಡಲೇ ಕಣ್ಣು ಬಿಡೋ ಜನ ಅಲ್ಲ ಅವರು, ಹದಿನೈದು ಜನದಲ್ಲಿ ಮೂರ್ನಾಲ್ಕು ಜನ ‘ತಕಿಟ, ತಕಧಿಮಿ, ತಕತಕಿಟ’ ಅಂತ ಫಾಸ್ಟಾಗಿ ಹೇಳೇ ತೋರಿಸ್ತಾರೆ.

ಇದರಲ್ಲಿ ಒಂದು ತೊಂದರೆ ಇದೆ, ಅದನ್ನೇ ನಾನು ನಿಮಗೆ ಮುಖ್ಯವಾಗಿ ಹೇಳಬೇಕು ಅಂತಿರೋದು. ಅವರಿಗೆ ನಮ್ಮ ಲಯ ಸಿಕ್ಕಿರೋದು ಲೆಕ್ಕವಾಗಿ. ಐದರ ಗುಂಪು, ಏಳರ ಗುಂಪು, ಮೂರು ಸಲ ಹೇಳಿ ಸಮಕ್ಕೆ (ತಾಳದ ಮೊದಲ ಎಣಿಕೆಗೆ) ಬಾ, ಇಷ್ಟು. ಆ ಲೆಕ್ಕ ಯಾವ ಹಾಡಿನ ಮೇಲೆ ಕೂತಿತ್ತು, ಹಾಡೋರು ಎಲ್ಲಿ ಎತ್ಕೋತಾರೆ, ಮೃದಂಗದೋನು ಎಲ್ಲಿ ಸುಮ್ಮನಿರ್ತಾನೆ, ಪಲ್ಲವಿಗೆ ಎಷ್ಟು ನುಡಿಸ್ತಾನೆ, ಚರಣದಲ್ಲಿ ಯಾಕೆ ಕಮ್ಮಿ ಮಾಡ್ತಾನೆ, ಇದ್ಯಾವುದೂ ಗೊತ್ತಿರಲ್ಲ. ಅವರ ತಪ್ಪಲ್ಲ ಅದು, ನಾವೇ ಹೋದವರು ಚಪ್ಪಾಳೆ ಬೀಳೋ ಲೆಕ್ಕಾನ ಮೊದಲು ಬಿಚ್ಚಿಟ್ವಿ. ನೀವು ಕಛೇರಿ ಮೃದಂಗದವರು, ನಿಮ್ಮ ಕೈಯಲ್ಲಿ ಈ ಸೂಕ್ಷ್ಮ ಎಲ್ಲಾ ಇದೆ. ಅದಕ್ಕೇ ಒಂದು ಹಾಡು ತಗೊಂಡು ಹೋಗಿ ಅನ್ನೋದು. ಮಧ್ಯಮ ಕಾಲದ ಒಂದು ಸರಳ ದೇವರನಾಮ ಸಾಕು, ಆದಿತಾಳದ್ದು, ಸಮದಲ್ಲಿ ಅಲ್ಲದೆ ಅರ್ಧ ಎಣಿಕೆ ಬಿಟ್ಟು ಎತ್ಕೊಳ್ಳೋದು. ನಿಮಗೆ ಹಾಡೋಕೆ ಬರಲ್ಲ ಅಂದ್ರೆ ಪಾಠಾಂತರ ಗಟ್ಟಿಯಾಗೋವರೆಗೂ ಯಾರ ಹತ್ರನಾದ್ರೂ ಕೂತು ಕಲಿತು ಹೋಗಿ, ಫೆಬ್ರವರಿಗೆ ಟೈಮ್ ಇದೆ. ದನಿ ಚೆನ್ನಾಗಿರಬೇಕಿಲ್ಲ, ಶ್ರುತಿಗೆ ಸೇರಿದ್ರೆ ಸಾಕು.

ಮೊದಲ ದಿನ ಮೃದಂಗಾನ ಚೀಲದಿಂದ ತೆಗೀಲೇಬೇಡಿ. ಎಲ್ಲರನ್ನೂ ನೆಲದ ಮೇಲೆ ಅರ್ಧವೃತ್ತದಲ್ಲಿ ಕೂರಿಸಿ, ಕೂರೋಕಾಗದೋರಿಗೆ ಕುರ್ಚಿ ಕೊಡಿ, ಆಮೇಲೆ ಕೈಯಲ್ಲಿ ತಾಳ ಹಾಕಿಸಿ. ಒಂದು ಪೆಟ್ಟು, ಕಿರುಬೆರಳು, ಉಂಗುರ ಬೆರಳು, ಮಧ್ಯದ ಬೆರಳು, ಪೆಟ್ಟು, ಹುಸಿ (ಅಂಗೈ ಮೇಲೆ ಮಾಡಿ ಬೀಸೋದು), ಪೆಟ್ಟು, ಹುಸಿ. ನಮಗೆ ಇದು ಉಸಿರಾಟ ಇದ್ದ ಹಾಗೆ, ಏಳನೇ ವಯಸ್ಸಿಂದ ಹಾಕಿರ್ತೀವಿ. ಅವರಿಗೆ ಇದು ಸುಲಭ ಅಲ್ಲ, ಯಾಕಂದ್ರೆ ಅವರು ಚಿಕ್ಕಂದಿನಿಂದ ಕಾಲಲ್ಲಿ ತಟ್ಟಿ ಲೆಕ್ಕ ಇಟ್ಟವರು, ಎದುರಿಗೆ ಪೇಪರ್ ಇಟ್ಕೊಂಡು ನುಡಿಸಿದವರು. ಹತ್ತು ನಿಮಿಷ ಬರೀ ತಾಳ, ಬಾಯಲ್ಲಿ ಏನೂ ಇಲ್ಲ. ಆಮೇಲೆ ‘ತಕಧಿಮಿ’ ಒಂದೊಂದು ಎಣಿಕೆಗೆ ಒಂದೊಂದು. ಇಲ್ಲಿವರೆಗೆ ಎಲ್ಲಾ ನಗ್ತಾ ಮಾಡ್ತಾರೆ.

ಆಮೇಲೆ ತಿಶ್ರ ಗತಿಗೆ ಬನ್ನಿ, ಎಣಿಕೆಗೆ ಮೂರು ಮಾತ್ರೆ (ಎಣಿಕೆಯೊಳಗಿನ ಸಮಭಾಗ). ‘ತಕಿಟ’ ಹೇಳಿಸಿ ಗಟ್ಟಿ ಮಾಡಿ, ಸ್ಪೀಡ್ ಬದಲಾಯಿಸದೆ ಅದೇ ಮಾತ್ರೆಗಳ ಮೇಲೆ ‘ತಕಧಿಮಿ’ ಹೇಳಿ ಅನ್ನಿ. ನಾಲ್ಕು ಎಣಿಕೆಗೆ ಹನ್ನೆರಡು ಮಾತ್ರೆ, ‘ತಕಧಿಮಿ’ ಮೂರು ಸಲ ಕೂರತ್ತೆ, ಅಂದ್ರೆ ಕೈ ನಾಲ್ಕು ಹಾಕ್ತಿರತ್ತೆ, ಬಾಯಲ್ಲಿ ‘ತ’ ಮೂರೇ ಸಲ ಬರತ್ತೆ. ಈಗ ಕೋಣೆ ನೋಡಿ. ಹದಿನೈದರಲ್ಲಿ ಹತ್ತು ಜನದ ಕೈ ನಿಂತಿರತ್ತೆ, ಬಾಯಿ ಮಾತ್ರ ಹೋಗ್ತಿರತ್ತೆ. ಇನ್ನು ಕೆಲವರ ಕೈ ಬಾಯನ್ನ ಹಿಂಬಾಲಿಸಿ ಮೂರಕ್ಕೇ ಬೀಳತ್ತೆ. ಮೂರಕ್ಕೆ ನಾಲ್ಕರ ಈ ಪಾಲಿರಿದಂ (ಒಟ್ಟಿಗೇ ನಡೆಯೋ ಎರಡು ಲಯ) ಅವರು ನೋಟೇಶನ್ ನೋಡ್ಕೊಂಡು ನುಡಿಸಬಲ್ಲರು, ಪರೀಕ್ಷೆಯಲ್ಲಿ ಪಾಸೂ ಆಗಿರ್ತಾರೆ, ಆದ್ರೆ ಎರಡನ್ನೂ ಒಂದೇ ಮೈಯಲ್ಲಿ ಬೇರೆಬೇರೆಯಾಗಿ ಹಿಡಿದು ಕೂತು ಗೊತ್ತಿಲ್ಲ. ಅಲ್ಲೇ ನಿಲ್ಲಿ. ಮುಂದಿನ ಐಟಂಗೆ ಹೋಗಬೇಡಿ. ಸ್ಪೀಡ್ ಇಳಿಸಿ, ಇನ್ನೂ ಇಳಿಸಿ, ಇಬ್ಬಿಬ್ಬರನ್ನ ಎದುರುಬದುರು ಕೂರಿಸಿ ಒಬ್ಬರ ತಾಳ ಇನ್ನೊಬ್ಬರು ನೋಡೋ ಹಾಗೆ ಮಾಡಿ. ಒಂದು ಗಂಟೆ ಹೋದ್ರೂ ಹೋಗಲಿ. ಯಾವ ಕ್ಷಣಕ್ಕೆ ಕೈ ತನ್ನಷ್ಟಕ್ಕೆ ತಾನು ಹೋಗೋಕೆ ಶುರು ಆಗತ್ತೋ ಆ ಕ್ಷಣದ ಅವರ ಮುಖ ನೋಡೋದೇ ಈ ಕೆಲಸದಲ್ಲಿ ನನಗೆ ಅತ್ಯಂತ ಪ್ರೀತಿಯ ಭಾಗ.

ನೋಟೇಶನ್ ಕೇಳ್ತಾರೆ, ಮೊದಲ ಅರ್ಧ ಗಂಟೆಯಲ್ಲೇ ಕೇಳ್ತಾರೆ. ಬುಧವಾರದವರೆಗೂ ಕೊಡಬೇಡಿ. ಕೊಟ್ಟ ತಕ್ಷಣ ಹದಿನೈದು ತಲೆ ಪೇಪರ್ ಒಳಗೆ ಹೋಗತ್ತೆ, ಕಿವಿ ಮುಚ್ಚತ್ತೆ. ಕೊಡಲ್ಲ ಅಂತ ಬಿಗಿಯಾಗಿ ಹೇಳೋದಲ್ಲ, ‘ಬುಧವಾರ ನೀವೇ ಬರೀರಿ, ನಾನು ನೋಡ್ತೀನಿ’ ಅನ್ನಿ. ಮೂರು ದಿನ ಬಾಯಲ್ಲಿ ಹೇಳಿದ್ದನ್ನ ಅವರೇ ತಮ್ಮ ಲಿಪಿಯಲ್ಲಿ ಬರೆಯುವಾಗ ನೀವೂ ಪಕ್ಕದಲ್ಲಿ ಕೂತು ನೋಡಿ, ಅವರು ಲಯಾನ ಹೇಗೆ ಕಾಣ್ತಾರೆ ಅಂತ ನಿಮಗೆ ಅವಾಗ ಗೊತ್ತಾಗತ್ತೆ. ಅವರ ಬರವಣಿಗೆ ದೊಡ್ಡ ಸ್ವರಾನ ಅರ್ಧ, ಕಾಲು, ಅರೆಕಾಲು ಅಂತ ಒಡೆದುಕೊಂಡು ಹೋಗತ್ತೆ, ನಾವು ಮಾತ್ರೆ ಮಾತ್ರೆ ಕೂಡಿಸಿ ಜತಿ (ಸೊಲ್ಲುಗಳ ಗುಂಪು) ಕಟ್ತೀವಿ, ಆ ಜತಿಗಳನ್ನ ಕೂಡಿಸಿ ಮುಕ್ತಾಯ (ಮೂರು ಸಲ ಹೇಳಿ ಮುಗಿಸೋ ಭಾಗ) ಕಟ್ತೀವಿ. ಅದಕ್ಕೇ ನಾವು ನೀರು ಕುಡಿದ ಹಾಗೆ ಹೇಳೋ ಖಂಡ ಗತಿ (ಎಣಿಕೆಗೆ ಐದು ಮಾತ್ರೆ) ಅವರ ಪೇಪರ್ ಮೇಲೆ ಬಂದ್ರೆ ಕಷ್ಟದ್ದು ಅನ್ನಿಸಿಬಿಡತ್ತೆ.

ಹಾಡು ಎರಡನೇ ದಿನ ಶುರು ಮಾಡಿ. ತಂಬೂರ ಹಾಕಿ, ನೀವು ಹಾಡಿ, ಅವರು ತಾಳ ಹಾಕಲಿ, ಅಷ್ಟೇ. ಎತ್ತುಗಡೆ (ಹಾಡು ಶುರು ಆಗೋ ಜಾಗ) ಅರ್ಧ ಎಣಿಕೆ ಆದಮೇಲೆ ಬರೋದ್ರಿಂದ ಮೊದಮೊದಲು ಅವರಿಗೆ ನೀವು ಲೇಟಾಗಿ ಬಂದ್ರಿ ಅನ್ಸತ್ತೆ, ಕೆಲವರು ತಾಳಾನೇ ಸರಿಸ್ಕೊಂಡು ನಿಮ್ಮ ಹಾಡಿಗೆ ಸೇರಿಸಿಬಿಡ್ತಾರೆ. ತಾಳ ಸರಿಸಬೇಡಿ, ಹಾಡು ಎಲ್ಲಿ ಬರತ್ತೆ ಅಂತ ಕಾಯಿರಿ ಅನ್ನಿ. ಪಲ್ಲವಿಯ ಒಂದು ಸಾಲನ್ನ ಅವರ ಬಾಯಲ್ಲೂ ಹಾಡಿಸಿ, ಪದದ ಅರ್ಥ ಎರಡು ವಾಕ್ಯದಲ್ಲಿ ಹೇಳಿ. ಕನ್ನಡ ಉಚ್ಚಾರಣೆ ಹೇಗಾದ್ರೂ ಬರಲಿ, ಬಾಯಿಬಿಟ್ಟು ಹಾಡಲಿ.

ಗುರುವಾರ ಮುಕ್ತಾಯ. ನನ್ನ ಕೇಳಿದ್ರೆ ಒಂದೇ ಮುಕ್ತಾಯ ಸಾಕು. ‘ತದಿಗಿಣತೊಂ’ ಐದು ಮಾತ್ರೆ, ಎರಡು ಮಾತ್ರೆ ಕಾರ್ವೆ (ಬಿಡುವು), ಮತ್ತೆ ‘ತದಿಗಿಣತೊಂ’, ಮತ್ತೆ ಎರಡು ಕಾರ್ವೆ, ಕೊನೇದಾಗಿ ‘ತದಿಗಿಣತೊಂ’. ಒಟ್ಟು 19. ಚತುರಶ್ರ ಗತಿ (ಎಣಿಕೆಗೆ ನಾಲ್ಕು ಮಾತ್ರೆ) ಆದಿತಾಳದ ಒಂದು ಆವರ್ತಕ್ಕೆ, ಅಂದ್ರೆ ಒಂದು ಸುತ್ತಿಗೆ, 32 ಮಾತ್ರೆ, ಹಾಗಾಗಿ ಸಮಕ್ಕೆ ಬರಬೇಕು ಅಂದ್ರೆ 13 ಬಿಟ್ಟು ಹದಿನಾಲ್ಕನೇ ಮಾತ್ರೆಗೆ ಎತ್ಕೋಬೇಕು. ಇದನ್ನ ಕಾಂಪೊಸಿಷನ್ ಹುಡುಗರು ಎರಡು ನಿಮಿಷದಲ್ಲಿ ಲೆಕ್ಕ ಹಾಕಿ ಹೇಳ್ತಾರೆ. ಆಮೇಲೆ ನೀವು ಕೇಳಿ, ‘ನಮ್ಮ ಹಾಡು ಎಲ್ಲಿ ಶುರು ಆಗತ್ತೆ?’ ಅಂತ. ಹಾಡು ಇರೋದು ಸಮದಲ್ಲಿ ಅಲ್ಲವಲ್ಲ, ಅರ್ಧ ಎಣಿಕೆ ದಾಟಿ, ಅಂದ್ರೆ ಎರಡು ಮಾತ್ರೆ ಮುಂದೆ. ಹಾಗಾದ್ರೆ 15 ಬಿಟ್ಟು ಹದಿನಾರನೇದಕ್ಕೆ ಎತ್ಕೋಬೇಕು, ಸಮದ ಮೇಲೆ ನಿಲ್ಲದೆ ದಾಟಿ ಹೋಗಿ ಹಾಡಿನ ಬಾಗಿಲಿಗೆ ಬರಬೇಕು. ಲೆಕ್ಕ ಅದೇ 19, ಆದ್ರೆ ಈಗ ಅದು ಹಾಡೋರನ್ನ ಕೈಹಿಡಿದು ಕರ್ಕೊಂಡು ಬರೋ ಕೆಲಸ ಮಾಡ್ತಿದೆ. ಅರ್ಧ ಕ್ಲಾಸಿಗೆ ಮುಕ್ತಾಯ ಹೇಳಿಸಿ, ಇನ್ನರ್ಧಕ್ಕೆ ಪಲ್ಲವಿ ಎತ್ಕೊಳ್ಳೋಕೆ ಹೇಳಿ. ಮೊದಲ ಹತ್ತು ಸಲ ಕುಸೀತಾರೆ. ಒಂದು ಸಲ ಸರಿಯಾಗಿ ಕೂತಾಗ, ಮುಕ್ತಾಯ ಯಾಕೆ ಬೇಕು ಅನ್ನೋದನ್ನ ನೀವು ಇಂಗ್ಲಿಷಲ್ಲಿ ವಿವರಿಸೋ ಅಗತ್ಯಾನೇ ಇರಲ್ಲ.

ನಿಮ್ಮ ಇಂಗ್ಲಿಷ್ ಚಿಂತೆಗೂ ಇದೇ ಉತ್ತರ. ನೀವು ಸೊಲ್ಲು ಹೇಳ್ತೀರಿ, ಅವರು ವಾಪಸ್ ಹೇಳ್ತಾರೆ, ಪಾಠದ ಮುಕ್ಕಾಲು ಭಾಗ ಅಷ್ಟೇ. ‘ನಿಧಾನ’, ‘ಇನ್ನೊಂದ್ಸಲ’, ‘ಕೈ ನೋಡ್ಕೊಳ್ಳಿ’, ‘ಬರೀ ಕೇಳಿ’ ಇಷ್ಟಕ್ಕೆ ಇಂಗ್ಲಿಷ್ ಇದ್ರೆ ನಡಿಯತ್ತೆ. ಡಚ್ ಹುಡುಗರಿಗೂ ಇಂಗ್ಲಿಷ್ ಮನೆಮಾತಲ್ಲ, ಕ್ಲಾಸಲ್ಲಿ ಸ್ಪೇನ್, ಟರ್ಕಿ, ಕೊರಿಯಾದೋರೂ ಇರಬಹುದು, ಎಲ್ಲರೂ ನಿಧಾನವಾಗೇ ಮಾತಾಡೋದು.

ಪ್ರಶ್ನೆ ತುಂಬಾ ಕೇಳ್ತಾರೆ, ಮಧ್ಯದಲ್ಲೇ ಕೇಳ್ತಾರೆ, ನಿಮ್ಮನ್ನ ಹೆಸರು ಹಿಡಿದೇ ಕರೀತಾರೆ. ಅಗೌರವ ಅಂದ್ಕೋಬೇಡಿ, ಅಲ್ಲಿ ಮೇಷ್ಟ್ರನ್ನ ಪ್ರಶ್ನೆ ಕೇಳೋದೇ ಗಮನ ಕೊಡ್ತಿದೀನಿ ಅನ್ನೋದಕ್ಕೆ ಗುರುತು. ಆದ್ರೆ ಮೃದಂಗ ದಾಟಿ ನಡೀಬೇಡಿ, ಶೂ ಹೊರಗೆ ಬಿಡಿ ಅನ್ನೋದನ್ನ ಮೊದಲ ದಿನವೇ ಸ್ಪಷ್ಟವಾಗಿ ಹೇಳಿ, ಸಂಕೋಚ ಬೇಡ, ಖುಷಿಯಿಂದ ಪಾಲಿಸ್ತಾರೆ. ಕಾಂಪೊಸಿಷನ್ ಓದೋರು ಯಾರಾದ್ರೂ ಮೆಸಿಯಾನ್ ಹೆಸರು ತೆಗೆದೇ ತೆಗೀತಾರೆ. ಪ್ಯಾರಿಸ್ ಕನ್ಸರ್ವೇಟರಿಯಲ್ಲಿ ಪಾಠ ಮಾಡ್ತಿದ್ದ ಫ್ರೆಂಚ್ ಕಂಪೋಸರ್ ಅವರು, ಶಾರ್ಙ್ಗದೇವನ ಸಂಗೀತ ರತ್ನಾಕರದಲ್ಲಿ ಬರೋ 120 ದೇಶೀ ತಾಳಗಳನ್ನ ಒಂದು ಫ್ರೆಂಚ್ ವಿಶ್ವಕೋಶದಲ್ಲಿ ಓದಿ ತಮ್ಮ ಸಂಗೀತದಲ್ಲಿ ಬಳಸಿದ್ರು. ‘ಆ ತಾಳಗಳನ್ನ ನೀವು ನುಡಿಸ್ತೀರಾ?’ ಅಂತ ಕೇಳಿದ್ರೆ, ಅದು 13ನೇ ಶತಮಾನದ ಗ್ರಂಥ, ಇವತ್ತಿನ ಕಛೇರಿಯಲ್ಲಿ ನಮ್ಮ ಬಳಕೆ ಸುಳಾದಿ ಸಪ್ತ ತಾಳಗಳು ಮತ್ತೆ ಚಾಪು ತಾಳಗಳು, ಅದರಲ್ಲೂ ಆದಿ, ರೂಪಕ, ಮಿಶ್ರ ಚಾಪು, ಖಂಡ ಚಾಪುಗಳೇ ಜಾಸ್ತಿ ಅಂತ ನೇರವಾಗಿ ಹೇಳಿ. ಗೊತ್ತಿಲ್ಲದ್ದನ್ನ ಗೊತ್ತಿದೆ ಅನ್ನೋ ಹಾಗೆ ಮಾತಾಡೋಕೆ ಹೋಗಬೇಡಿ, ಆ ಹುಡುಗರು ತುಂಬಾ ಓದಿರ್ತಾರೆ.

ಶುಕ್ರವಾರ ಸಾಮಾನ್ಯವಾಗಿ ಒಂದು ಪ್ರೆಸೆಂಟೇಶನ್ ಇಟ್ಟಿರ್ತಾರೆ, ಅದಕ್ಕೆ ಹೊಸ ಐಟಂ ಕಲಿಸೋಕೆ ಹೋಗಬೇಡಿ. ಅವರು ತಮ್ಮ ತಮ್ಮ ವಾದ್ಯ ತರಲಿ, ಅದೇ ಹಾಡು, ಅದೇ ಮುಕ್ತಾಯ. ಸ್ಯಾಕ್ಸೋಫೋನ್‌ನೋರಿಗೆ ಶ್ರುತಿ ಮೊದಲೇ ಹೇಳಿರಬೇಕು: ನಿಮ್ಮ ಶ್ರುತಿ ಒಂದನೇ ಮನೆ, ಅಂದ್ರೆ ಸಿ ಆದ್ರೆ ಟೆನರ್ ಸ್ಯಾಕ್ಸ್‌ನವನಿಗೆ ಅದು ಡಿ, ಆಲ್ಟೋದವನಿಗೆ ಎ. ಅವರ ಪಿಯಾನೋ ಶ್ರುತಿ 440 ಹರ್ಟ್ಸ್‌ಗಿದೆಯೋ 442ಕ್ಕಿದೆಯೋ ಕೇಳಿ ತಂಬೂರ ಆ್ಯಪ್‌ನ ಅದಕ್ಕೆ ಹೊಂದಿಸಿ, ಇಲ್ಲಾಂದ್ರೆ ಐದು ದಿನಾನೂ ಕಿವಿಗೆ ಕಿರಿಕಿರಿ. ಮೃದಂಗ ಬರೋದು ಮೂರನೇ ದಿನದಿಂದ ಸಾಕು, ಅದೂ ನೀವು ಹಾಡಿನ ಜೊತೆ ಹೇಗೆ ನುಡಿಸ್ತೀರಿ ಅಂತ ತೋರಿಸೋಕೆ. ತನಿ ಆವರ್ತನ (ಮೃದಂಗ ಒಂದೇ ನುಡಿಸೋ ಭಾಗ) ಕೇಳೇ ಕೇಳ್ತಾರೆ, ಗುರುವಾರ ಸಂಜೆ ಹತ್ತು ನಿಮಿಷ ಮನಸಾರೆ ನುಡಿಸಿ. ಅಷ್ಟೊತ್ತಿಗೆ ಅವರಿಗೆ ತಾಳ ಹಿಡಿಯೋಕೆ ಬರ್ತಿರತ್ತೆ, ನಿಮ್ಮ ಜೊತೆ ತಾಳ ಹಾಕ್ತಾ ಕೇಳೋ ಕೇಳುಗರು ಸಿಕ್ಕಿರ್ತಾರೆ.

ಇನ್ನು ವಾದ್ಯ. ಫೆಬ್ರವರಿ ಅಂದ್ರೆ ಒಳಗೆಲ್ಲ ಹೀಟರ್, ಗಾಳಿ ಒಣಗಿರತ್ತೆ, ಬಲ ಮುಚ್ಚಿಗೆ (ಬಲಗಡೆಯ ಚರ್ಮದ ಮುಖ) ಬಿಗಿದು ಶ್ರುತಿ ಏರತ್ತೆ, ಹರಿಯೋ ಅಪಾಯಾನೂ ಇದೆ. ರೇಡಿಯೇಟರ್ ಪಕ್ಕ ಯಾವತ್ತೂ ಇಡಬೇಡಿ. ಗಟ್ಟಿ ಕೇಸ್‌ನಲ್ಲಿ ಹಾಕಿ, ವಾರು (ಮುಚ್ಚಿಗೆ ಬಿಗಿಯೋ ಚರ್ಮದ ಪಟ್ಟಿ) ಸ್ವಲ್ಪ ಸಡಿಲ ಬಿಟ್ಟು, ಒಂದು ಸ್ಪೇರ್ ಬಲ ಮುಚ್ಚಿಗೆ ಇಟ್ಕೊಂಡು ಹೋಗಿ. ಬೋಲ್ಟ್ ಹಾಕಿದ ಮೃದಂಗ ಇದ್ರೆ ಅದೇ ವಾಸಿ, ವಾರು ಎಳೆಯೋರು ಅಲ್ಲಿ ಸಿಗಲ್ಲ. ಎಡಕ್ಕೆ ಹಚ್ಚೋ ರವೆ ಹೊತ್ಕೊಂಡು ಹೋಗಬೇಕಿಲ್ಲ, ಸುರಿನಾಮ್‌ನಿಂದ ಬಂದ ಭಾರತೀಯ ಮೂಲದ ಜನ ಅಲ್ಲಿ ತುಂಬಾ ಇದಾರೆ, ಅವರ ಅಂಗಡಿಗಳಲ್ಲಿ ಸಿಗತ್ತೆ. ಆದ್ರೆ ಒಂದು ವಿಷಯ ಗಟ್ಟಿಯಾಗಿ ಹೇಳ್ತೀನಿ: ಉಡದ ಚರ್ಮದ ಖಂಜಿರ (ಕೈಯಲ್ಲಿ ಹಿಡಿದು ನುಡಿಸೋ ಸಣ್ಣ ಚರ್ಮವಾದ್ಯ) ಮಾತ್ರ ತಗೊಂಡು ಹೋಗಲೇಬೇಡಿ. ಉಡ ನಮ್ಮ 1972ರ ವನ್ಯಜೀವಿ ಕಾಯ್ದೆಯ ಮೊದಲ ಶೆಡ್ಯೂಲ್‌ನಲ್ಲಿದೆ, ವನ್ಯಜೀವಿ ವ್ಯಾಪಾರದ ಅಂತಾರಾಷ್ಟ್ರೀಯ ಸೈಟಿಸ್ ಒಪ್ಪಂದದ ಮೊದಲ ಪಟ್ಟಿಯಲ್ಲೂ ಇದೆ, ಕಸ್ಟಮ್ಸ್‌ನಲ್ಲಿ ಸಿಕ್ಕಿಬಿದ್ರೆ ವಾದ್ಯ ಹೋಗೋದಲ್ಲದೆ ನಿಮ್ಮ ಮೇಲೆ ಕೇಸೂ ಆಗತ್ತೆ. ಮೇಕೆ ಚರ್ಮದ್ದೋ ಸಿಂಥೆಟಿಕ್ಕೋ ತಗೊಳ್ಳಿ. ಮೃದಂಗ ಹಲಸಿನ ಮರದ್ದಾದ್ರೆ ಮರದ ವಿಷಯದಲ್ಲಿ ಆ ತಲೆನೋವು ಇಲ್ಲ. ಚರ್ಮ ಯಾವುದು, ಮರ ಯಾವುದು ಅಂತ ಒಂದು ಪೇಪರ್‌ನಲ್ಲಿ ಬರೆದು, ವಾದ್ಯದ ಫೋಟೋ ಅಂಟಿಸಿ, ಕನ್ಸರ್ವೇಟರಿಯ ಆಹ್ವಾನ ಪತ್ರದ ಜೊತೆ ಕೈಯಲ್ಲೇ ಇಟ್ಕೊಳ್ಳಿ.

ವೀಸಾಗೆ ಷೆಂಗೆನ್ (ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಅರ್ಜಿಯನ್ನ ಪ್ರಯಾಣಕ್ಕೆ ಆರು ತಿಂಗಳು ಮುಂಚೆಯಿಂದ ಹಾಕಬಹುದು, ಕೊನೇ ಪಕ್ಷ 15 ದಿನ ಮುಂಚೆ ಹಾಕಿರಲೇಬೇಕು, ಆದ್ರೆ ಅಪಾಯಿಂಟ್‌ಮೆಂಟ್ ಸಿಗೋದೇ ಕಷ್ಟ ಆಗೋದ್ರಿಂದ ಅಷ್ಟು ತಡ ಮಾಡಬೇಡಿ. ಕನಿಷ್ಠ 30,000 ಯೂರೋ ಕವರ್ ಇರೋ ಟ್ರಾವೆಲ್ ಇನ್ಶೂರೆನ್ಸ್ ಕಡ್ಡಾಯ. ಸಂಭಾವನೆ ತಗೊಂಡು ಪಾಠ ಮಾಡೋಕೆ ಹೋಗ್ತಿರೋದ್ರಿಂದ ಸುಮ್ಮನೆ ಟೂರಿಸ್ಟ್ ಅಂತ ಬರೆದು ಹೋಗೋದು ಬೇಡವೇ ಬೇಡ. ಯಾವ ವೀಸಾ, ವರ್ಕ್ ಪರ್ಮಿಟ್ ಬೇಕೋ ಬೇಡವೋ ಅಂತ ಅವರ ಇಂಟರ್‌ನ್ಯಾಷನಲ್ ಆಫೀಸ್‌ನೋರು ಬರವಣಿಗೆಯಲ್ಲಿ ಕೊಡಬೇಕು, ಅದು ಅವರ ಕೆಲಸ, ಕೇಳೋಕೆ ನಾಚಿಕೆ ಬೇಡ.

ದುಡ್ಡಿನ ಮಾತನ್ನೂ ಮೊದಲೇ ಆಡಿ. ನಮ್ಮವರು ‘ಕರೆದಿದ್ದೇ ದೊಡ್ಡದು’ ಅಂತ ಸುಮ್ಮನಿದ್ದುಬಿಡ್ತಾರೆ, ಇದು ನನಗೆ ನಿಜಕ್ಕೂ ಸಂಕಟ ತರೋ ವಿಷಯ. ಅವರು ಹೇಳಿದ ಮೊತ್ತ ಅಲ್ಲಿನ ಟ್ಯಾಕ್ಸ್ ಕಟ್ಟಾಗೋ ಮುಂಚಿನದೋ ಆಮೇಲಿನದೋ, ವಿಮಾನ, ರೂಮು, ಊಟದ ಖರ್ಚು ಅದರಲ್ಲೇ ಸೇರಿದೆಯೋ ಬೇರೆಯೋ, ವಾದ್ಯದ ಎಕ್ಸ್‌ಟ್ರಾ ಬ್ಯಾಗೇಜ್ ಯಾರು ಕೊಡ್ತಾರೆ, ಶುಕ್ರವಾರದ ವಿಡಿಯೋ ಎಲ್ಲಿ ಹಾಕ್ತಾರೆ, ಇಷ್ಟನ್ನ ಒಂದೇ ಮೇಲ್‌ನಲ್ಲಿ ಕೇಳಿ. ಸಾಧ್ಯ ಆದ್ರೆ ಇನ್ನೊಂದು ಸಾಲು ಸೇರಿಸಿ: ಇದೇ ಗುಂಪಿಗೆ ಮುಂದಿನ ವರ್ಷ ಇನ್ನೊಂದು ವಾರ ಪಾಠ ಇಡೋಕೆ ಆಗತ್ತಾ, ಮಧ್ಯದಲ್ಲಿ ತಿಂಗಳಿಗೊಂದ್ಸಲ ಆನ್‌ಲೈನ್ ಕ್ಲಾಸ್ ತಗೊಳ್ಳೋದಕ್ಕೆ ಅವರ ಕಡೆಯಿಂದ ವ್ಯವಸ್ಥೆ ಆಗತ್ತಾ ಅಂತ. ಒಪ್ಪಿದ್ರೆ ಮುಂದಿನ ವರ್ಷಕ್ಕೆ ಮಿಶ್ರ ಚಾಪು ಇಟ್ಕೊಳ್ಳಿ, ಅದಕ್ಕೊಂದು ಬೇರೆ ಹಾಡು ಈಗಿಂದಲೇ ಪಾಠ ಮಾಡ್ಕೊಳ್ಳಿ.